ಅಬ್ಬಿ ನೀರಿನ ಹಳೆಯ ಯೋಜನೆಗೆ ತಾಂತ್ರಿಕ ಅಧ್ಯಯನ: ವಿದ್ಯಾರ್ಥಿಗಳಿಂದ ಏನನ್ನು ಕೇಳಬೇಕು?

ಕಾನಂಚು (ಶಿರಸಿ ತಾಲೂಕು), ಜನವರಿ

ಎಲ್ಲರಿಗೂ ನಮಸ್ಕಾರ.

ನಮ್ಮ ಊರು ಶಿರಸಿ ತಾಲೂಕಿನ ಪಶ್ಚಿಮ ಅಂಚಿನಲ್ಲಿ, ಘಟ್ಟದ ಇಳಿಜಾರು ಶುರುವಾಗುವಲ್ಲಿ ಇದೆ. 38 ಮನೆಗಳು, 180ರ ಆಸುಪಾಸು ಜನ, 50ರಷ್ಟು ದನಕರುಗಳು. ಹಿಂದೆ ಅಡಿಕೆ ದಬ್ಬೆಯಲ್ಲಿ ಅಂಗಳಕ್ಕೆ ಬರುತ್ತಿದ್ದ ಅಬ್ಬಿ ನೀರನ್ನು (ಒರತೆಯಿಂದ ತಾನಾಗಿ ಹರಿದು ಬರುವ ನೀರು) ಊರಿನ ಹಿರಿಯರು ಮೂವತ್ತು ವರ್ಷಗಳ ಹಿಂದೆ ವಂತಿಗೆ ಎತ್ತಿ ಕಪ್ಪು ಪೈಪಿಗೆ ಹಾಯಿಸಿದರು. ಕಾನಿನೊಳಗಿನ (ಕಾಡಿನೊಳಗಿನ) ಒರತೆಯಿಂದ ಊರಿನ ಮೇಲ್ಗಡೆಯ 5,000 ಲೀಟರಿನ ಸಿಮೆಂಟ್ ಟ್ಯಾಂಕಿಗೆ ಸುಮಾರು 1,800 ಮೀಟರ್ ದೂರವಿದೆ. ಪಂಪು, ವಿದ್ಯುತ್ತು ಯಾವುದೂ ಇಲ್ಲದೆ ನೀರು ತಾನಾಗಿಯೇ ಇಳಿದು ಬರುತ್ತದೆ.

ಈಚಿನ ವರ್ಷಗಳಲ್ಲಿ ಇದು ಸಾಲುತ್ತಿಲ್ಲ. ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಟ್ಯಾಂಕು ಬರಿದಾಗುತ್ತದೆ. ಅದೇ ಟ್ಯಾಂಕು ರಾತ್ರಿಯಿಡೀ ತುಂಬಿ ಹೊರಚೆಲ್ಲುತ್ತದೆ. ಒರತೆಯ ಬಾಯಲ್ಲಿ ನೀರು ಉಕ್ಕಿ ಹಳ್ಳಕ್ಕೆ ಹೋಗುತ್ತಿರುವ ಈ ಜನವರಿಯಲ್ಲೂ ಟ್ಯಾಂಕಿಗೆ ಬೀಳುವ ಧಾರೆ ಮಾತ್ರ ಸಣ್ಣದಾಗಿಯೇ ಇದೆ. ಟ್ಯಾಂಕಿನ ಹತ್ತಿರದ ಆರು ಮನೆಗಳಲ್ಲಿ ನಲ್ಲಿ ತಿರುಗಿಸಿದರೆ ನೀರು ತೊಟ್ಟಿಕ್ಕುವುದೇ ಹೆಚ್ಚು. ಜೂನ್ ತಿಂಗಳ ಮೊದಲ ಮಳೆಗಳಲ್ಲಿ ನೀರು ಕೆಂಪಾಗಿ, ಎಲೆಗಳೊಂದಿಗೆ ಬರುತ್ತದೆ.

ಪಂಚಾಯತಿಯಿಂದ ಕೊಳವೆಬಾವಿ ಮತ್ತು ಓವರ್‌ಹೆಡ್ ಟ್ಯಾಂಕಿನ ಪ್ರಸ್ತಾವನೆ ಬಂದಿದೆ. ಊರಿನಲ್ಲಿ ಕೆಲವರು ಅದನ್ನು ಒಪ್ಪುತ್ತಾರೆ, ಕೆಲವರು ಅಬ್ಬಿಯನ್ನೇ ಸರಿಪಡಿಸಬೇಕೆನ್ನುತ್ತಾರೆ. ಈ ನಡುವೆ ಒಂದು ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಗಳು ನಮ್ಮ ಯೋಜನೆಯನ್ನು ಪ್ರಾಜೆಕ್ಟ್ ವಿಷಯವಾಗಿ ತೆಗೆದುಕೊಳ್ಳಲು ಮುಂದೆ ಬಂದಿದ್ದಾರೆ. ಅವರ ಅಧ್ಯಯನ ಅಂಕಗಳಿಗಷ್ಟೇ ನಿಲ್ಲದೆ ಊರಿನ ಕೆಲಸಕ್ಕೂ ಒದಗಬೇಕಾದರೆ ನಾವು ಅವರಿಂದ ಏನನ್ನು ಕೇಳಬೇಕು, ಅವರು ಬರುವುದಕ್ಕೆ ಮೊದಲು ನಾವು ಯಾವ ಮಾಹಿತಿಯನ್ನು ಸಿದ್ಧಪಡಿಸಿಕೊಂಡಿರಬೇಕು? ಇನ್ನೊಂದು ತುರ್ತಿನ ಪ್ರಶ್ನೆಯೂ ಇದೆ. ರಾತ್ರಿ ಪೋಲಾಗುವ ನೀರನ್ನು ತಡೆಯಲು ಟ್ಯಾಂಕಿನೊಳಗೆ, ತುಂಬಿದಾಗ ತಾನಾಗಿ ಮುಚ್ಚಿಕೊಳ್ಳುವ ಒಂದು ಬಾಲ್ ವಾಲ್ವ್ ಕೂರಿಸಬೇಕೆಂದು ಸಮಿತಿಯಲ್ಲಿ ಮಾತಾಗಿದೆ. ಅದನ್ನು ಈಗಲೇ ಮಾಡಬಹುದೇ?

ಮಟ್ಟಗೋಲು (ಕಾರವಾರ)

ಮಾನ್ಯರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಅಪಾಯವಿದೆ. ದಯವಿಟ್ಟು ಬಾಲ್ ವಾಲ್ವ್ ಕೂರಿಸಬೇಡಿ. ಈಗ ನಿಮ್ಮ ಪೈಪಿನ ಕೆಳತುದಿ ತೆರೆದಿದೆ. ನೀರು ಹರಿಯುತ್ತಿರುವಷ್ಟು ಕಾಲ ಎತ್ತರದಿಂದ ಬಂದ ಒತ್ತಡದ ಬಹುಪಾಲು ಪೈಪಿನ ಘರ್ಷಣೆಯಲ್ಲೇ ಕಳೆದುಹೋಗುತ್ತದೆ. ಟ್ಯಾಂಕು ತುಂಬಿ ವಾಲ್ವ್ ಮುಚ್ಚಿದ ಕ್ಷಣದಿಂದ ಹರಿವು ನಿಲ್ಲುತ್ತದೆ, ಘರ್ಷಣೆಯೂ ಇಲ್ಲವಾಗುತ್ತದೆ, ಒರತೆಯಿಂದ ಟ್ಯಾಂಕಿನವರೆಗಿನ ಎತ್ತರದ ಪೂರ್ತಿ ಭಾರ ಕೆಳಭಾಗದ ಪೈಪಿನ ಮೇಲೆ ಬಂದು ಕೂರುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಒತ್ತಡ ಎಂದು ಲೆಕ್ಕ ಹಾಕಿದರೆ, ಐವತ್ತು ಅರವತ್ತು ಮೀಟರ್ ಇಳಿತವಿರುವಲ್ಲಿ 4 ಕೆ.ಜಿ. ದರ್ಜೆಯ ಹಳೆಯ ಪೈಪು ನಡುರಾತ್ರಿ ಜೋಡಣೆಯಲ್ಲಿ ಬಿಟ್ಟುಕೊಳ್ಳುವುದು ಸಹಜ. ಸೋರಿಕೆ ಗೊತ್ತಾಗುವುದು ಬೆಳಿಗ್ಗೆ, ಅದೂ ಕಾನಿನೊಳಗೆ ಎಲ್ಲಿ ಎಂದು ತಿಳಿಯದೆ. ಸದ್ಯಕ್ಕೆ ಹೊರಚೆಲ್ಲುವ ನೀರನ್ನು ಒಂದು ಪೈಪಿನಲ್ಲಿ ಹಿಡಿದು ಕೊಟ್ಟಿಗೆಗಳ ಕಡೆಗೋ ತೋಟದ ಕಡೆಗೋ ಬಿಡಿ.

ಇನ್ನು ಅಧ್ಯಯನದ ವಿಷಯ. ಕೊಳವೆಬಾವಿಯೋ ಅಬ್ಬಿಯೋ ಎಂಬ ಚರ್ಚೆಗೆ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆ ಒಂದೇ: ಮೇ ತಿಂಗಳ ಕೊನೆಯ ವಾರದಲ್ಲಿ ನಿಮ್ಮ ಒರತೆ ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತದೆ? ಇದು ಗೊತ್ತಿಲ್ಲದೆ ಮಾಡಿದ ಯಾವ ಅಂದಾಜು ಪಟ್ಟಿಯನ್ನೂ ನಂಬಲಾಗದು.

ಅಗತ್ಯದ ಲೆಕ್ಕ ಕಷ್ಟವೇನಲ್ಲ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್‌ನ ಮಾನದಂಡ ತಲೆಗೆ ದಿನಕ್ಕೆ 55 ಲೀಟರ್. 180 ಜನರಿಗೆ 9,900 ಲೀಟರ್ ಆಯಿತು. ಈ ಮಾನದಂಡದಲ್ಲಿ ದನಗಳು ಸೇರಿಲ್ಲ. ಕುಡಿಯಲು ಮತ್ತು ಕೊಟ್ಟಿಗೆ ತೊಳೆಯಲು ಒಂದಕ್ಕೆ 60 ಲೀಟರ್ ಹಿಡಿದರೆ ಮತ್ತೆ 3,000 ಲೀಟರ್. ದಾರಿಯ ಸೋರಿಕೆಗೆ ಶೇ. 15ರಷ್ಟನ್ನು ಬಿಟ್ಟರೆ ಒಟ್ಟು ದಿನಕ್ಕೆ ಸುಮಾರು 15,000 ಲೀಟರ್ ಬೇಕು. ಇದನ್ನು 24 ಗಂಟೆಗೆ ಹಂಚಿದರೆ ನಿಮಿಷಕ್ಕೆ ಹತ್ತೂವರೆ ಲೀಟರ್ ಮಾತ್ರ. ಅಂದರೆ 15 ಲೀಟರಿನ ಬಕೆಟ್ಟು ಒರತೆಯ ಬಾಯಲ್ಲಿ 85 ಸೆಕೆಂಡಿನೊಳಗೆ ತುಂಬಿದರೆ 38 ಮನೆಗಳಿಗೂ ನೀರಿದೆ. ನೋಡಲು ಬಡಕಲಾದ ಧಾರೆಯೂ ಹಗಲು ರಾತ್ರಿ ಕೂಡಿಟ್ಟರೆ ಒಂದು ಊರನ್ನು ಸಲಹುತ್ತದೆ. ಇದನ್ನು ಊರಿನ ಸಭೆಯಲ್ಲಿ ಬಕೆಟ್ಟು ಇಟ್ಟೇ ತೋರಿಸಿ. ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಆದ್ದರಿಂದ ಫೆಬ್ರವರಿಯಿಂದ ಮಳೆ ಬೀಳುವವರೆಗೆ ವಾರಕ್ಕೊಮ್ಮೆ ಅಳೆಯಿರಿ. ಒರತೆಯ ನೀರೆಲ್ಲ ಒಂದೇ ಕಡೆ ಬೀಳುವಂತೆ ಜೇಡಿಮಣ್ಣಿನ ಸಣ್ಣ ಒಡ್ಡು ಕಟ್ಟಿ, ಒಂದು ತುಂಡು ಪೈಪು ಇಟ್ಟು, ಬಕೆಟ್ಟು ಮತ್ತು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಮೂರು ಸಲ ಅಳೆದು ಸರಾಸರಿ ಬರೆಯಿರಿ. ಮಳೆಗಾಲದ ದೊಡ್ಡ ಹರಿವಿಗೆ ಬಕೆಟ್ಟು ಆಗದು. ಆಗ 90 ಡಿಗ್ರಿಯ ವಿ ಆಕಾರದ ಕಚ್ಚು ಕತ್ತರಿಸಿದ ತಗಡನ್ನು ಒಡ್ಡಿಗೆ ಕೂರಿಸಬೇಕು. ಕಚ್ಚಿನ ತುದಿಯಿಂದ ನೀರು 5 ಸೆಂಟಿಮೀಟರ್ ಎತ್ತರ ನಿಂತರೆ ಹರಿವು ನಿಮಿಷಕ್ಕೆ ಸುಮಾರು 46 ಲೀಟರ್, 10 ಸೆಂಟಿಮೀಟರ್ ನಿಂತರೆ 260 ಲೀಟರಿನ ಹತ್ತಿರ. ಈ ಎತ್ತರವನ್ನು ತಗಡಿನ ಅಂಚಿನಲ್ಲೇ ಅಳೆಯಬಾರದು. ಅಲ್ಲಿ ನೀರು ಬಾಗಿ ಇಳಿಯುತ್ತಿರುತ್ತದೆ. ಅರ್ಧ ಮೀಟರ್ ಹಿಂದೆ, ನೀರು ಶಾಂತವಾಗಿರುವಲ್ಲಿ ಕೋಲು ನೆಟ್ಟು ಅಳೆಯಬೇಕು.

ಬೆಳಿಗ್ಗೆ ಬರಿದಾಗಿ ರಾತ್ರಿ ಉಕ್ಕುವ ಟ್ಯಾಂಕು ಸಂಗ್ರಹಣೆ ಸಾಲದು ಎಂದು ತಾನೇ ಹೇಳುತ್ತಿದೆ. ಒರತೆ ಉಕ್ಕುತ್ತಿದ್ದರೂ ಟ್ಯಾಂಕಿಗೆ ಬಾರದ ನೀರು ಪೈಪಿನ ದೋಷವನ್ನು ಹೇಳುತ್ತದೆ. ಮೂಲ, ಪೈಪು, ಸಂಗ್ರಹಣೆ, ಹಂಚಿಕೆ ಈ ನಾಲ್ಕರಲ್ಲಿ ಕೊರತೆ ಎಲ್ಲಿದೆ ಎಂದು ಬೇರೆಬೇರೆಯಾಗಿ ತೋರಿಸುವುದೇ ವಿದ್ಯಾರ್ಥಿಗಳ ಅಧ್ಯಯನದ ಮುಖ್ಯ ಕೆಲಸವಾಗಲಿ. ಮೂಲದ್ದೇ ಕೊರತೆ ಎಂದು ಸಿದ್ಧವಾದರೆ ಮಾತ್ರ ಕೊಳವೆಬಾವಿಯ ಮಾತು. ಆಗಲೂ ಅದರ ಖರ್ಚನ್ನು ಕೊರೆಯುವ ದಿನದ ಬಿಲ್ಲಿನಿಂದ ಅಳೆಯಬಾರದು. 15,000 ಲೀಟರನ್ನು 100 ಮೀಟರ್ ಎತ್ತಲು ಶಾಸ್ತ್ರದ ಪ್ರಕಾರವೇ ದಿನಕ್ಕೆ 4 ಯೂನಿಟ್ ವಿದ್ಯುತ್ತು ಬೇಕು. ಹಳ್ಳಿಯ ಪಂಪುಗಳ ದಕ್ಷತೆಯನ್ನು ಶೇ. 40 ಎಂದು ಹಿಡಿದರೆ ಅದು 10 ಯೂನಿಟ್ ಆಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ನಮ್ಮ ಜಿಲ್ಲೆಯಲ್ಲಿ ಪಂಪಿಲ್ಲದೆ ಹರಿದು ಬರುವ ನೀರಿನ ಬೆಲೆಯನ್ನು ಅಂದಾಜು ಪಟ್ಟಿಯ ಯಾವ ಕಲಮೂ ತೋರಿಸುವುದಿಲ್ಲ.

ಒರತೆಯನ್ನು ಆಳ ಮಾಡಿದರೆ ನೀರು ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ತಡೆಯಿರಿ. ನಮ್ಮ ಕಡೆ ಜಂಬಿಟ್ಟಿಗೆಯ ಪದರದ ಕೆಳಗೆ ನೀರು ಸುಲಭವಾಗಿ ಇಂಗದ, ಜೇಡಿಯಂಥ ಶೇಡಿ ಮಣ್ಣು ಇರುತ್ತದೆ. ಮೇಲಿನಿಂದ ಇಂಗಿದ ನೀರು ಆ ಶೇಡಿಯ ಮೇಲೆ ಜಾರಿ ಬಂದು ಬದಿಯಲ್ಲಿ ಒಸರುವುದೇ ಅನೇಕ ಒರತೆಗಳ ಗುಟ್ಟು. ಗುದ್ದಲಿ ಆ ಪದರವನ್ನು ಒಡೆದರೆ ನೀರು ಬೇರೆ ದಾರಿ ಹಿಡಿದು, ಇದ್ದ ಧಾರೆಯೂ ಹೋಗಬಹುದು. ಒರತೆಯ ಸುತ್ತ ಕಲ್ಲಿನ ಪೆಟ್ಟಿಗೆ ಕಟ್ಟಿ ಮುಚ್ಚುವುದು ಬೇರೆ, ಅಗೆಯುವುದು ಬೇರೆ.

ಸಿವಿಲ್ ಪಾಠ (ಹುಬ್ಬಳ್ಳಿ, ಮೂಲತಃ ಹೊನ್ನಾವರ)

ನಾನು ಸಿವಿಲ್ ಇಂಜಿನಿಯರಿಂಗ್ ಕಲಿಸುತ್ತೇನೆ. ಇಂಥ ಪ್ರಾಜೆಕ್ಟುಗಳಿಗೆ ಮಾರ್ಗದರ್ಶನ ಮಾಡಿದ ಅನುಭವದಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಮಟ್ಟಗೋಲು ಅವರು ಹೇಳಿದ ಮೇ ತಿಂಗಳ ಅಳತೆಯನ್ನು ವಿದ್ಯಾರ್ಥಿಗಳ ಮೇಲೆ ಬಿಡಬೇಡಿ. ಸ್ಥಳ ನೋಡಲು ಅವರಿಗೆ ಬಿಡುವಾಗುವುದು ಸಾಮಾನ್ಯವಾಗಿ ಮಳೆಗಾಲದ ನಂತರ, ಎಲ್ಲ ಒರತೆಗಳೂ ತುಂಬಿರುವಾಗ. ಒರತೆ ಸಣ್ಣದಾಗುವ ಹೊತ್ತಿಗೆ ಅವರು ಪರೀಕ್ಷೆಯಲ್ಲಿರುತ್ತಾರೆ. ಅಳತೆಯ ಪುಸ್ತಕ ಊರಿನದೇ ಆಗಿರಬೇಕು. ಅದನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟರೆ ಅವರ ವರದಿಗೆ ಬೆನ್ನೆಲುಬು ಬರುತ್ತದೆ.

ವಿದ್ಯಾರ್ಥಿಗಳು ಮೊದಲ ದಿನವೇ ಪೈಪುಗಳಲ್ಲಿ ನೀರಿನ ಹರಿವು, ಒತ್ತಡಗಳನ್ನು ಲೆಕ್ಕ ಹಾಕುವ ಎಪಾನೆಟ್ ತಂತ್ರಾಂಶದಲ್ಲಿ ಮಾದರಿ ಮಾಡುತ್ತೇವೆ ಎನ್ನುತ್ತಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ಮೊದಲು ಹೊರತಂದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಒಳ್ಳೆಯ ಸಾಧನ ಅದು. ಆದರೆ ಪ್ರತಿ ತಿರುವಿನ ಎತ್ತರ ಮತ್ತು ಪ್ರತಿ ತುಂಡಿನ ಒಳವ್ಯಾಸವನ್ನು ಅಳೆಯದೆ ಮಾಡಿದ ಮಾದರಿ ಬಣ್ಣದ ಚಿತ್ರವಷ್ಟೇ. ಮೊಬೈಲ್ ತೋರಿಸುವ ಎತ್ತರದಲ್ಲಿ ಹಲವು ಮೀಟರುಗಳ ವ್ಯತ್ಯಾಸ ಬರುತ್ತದೆ. ಎರಡು ಮೂರು ಮೀಟರಿನಲ್ಲೇ ನೀರು ಹತ್ತುವುದೋ ಇಲ್ಲವೋ ತೀರ್ಮಾನವಾಗುವ ಇಂಥ ಯೋಜನೆಗೆ ಅದು ಸಾಲದು. ಕಾಲೇಜಿನಿಂದ ಲೆವೆಲಿಂಗ್ ಉಪಕರಣ ತರಲಿ. ಅದು ಬರುವ ಮೊದಲೇ ನೀವೂ ಗಾರೆ ಕೆಲಸದವರ ಪಾರದರ್ಶಕ ಲೆವೆಲ್ ಪೈಪಿನಿಂದ ಒರತೆಯಿಂದ ಟ್ಯಾಂಕಿನವರೆಗೆ ಮಟ್ಟ ನೋಡಬಹುದು. ಸಮಯ ಹಿಡಿಯುತ್ತದೆ, ಆದರೆ ಫಲಿತಾಂಶ ನಂಬಲರ್ಹವಾಗಿರುತ್ತದೆ. ಮಾದರಿ ಸಿದ್ಧವಾದ ಮೇಲೆ ಅದು ನಿಜಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸಬೇಕು: ನಾಲ್ಕೈದು ಮನೆಗಳ ನಲ್ಲಿಗೆ ಒತ್ತಡ ಮಾಪಕ ಸಿಕ್ಕಿಸಿ, ಬೆಳಿಗ್ಗೆ ಎಲ್ಲರೂ ನೀರು ಹಿಡಿಯುವಾಗ ಒಮ್ಮೆ, ರಾತ್ರಿ ಯಾರೂ ಹಿಡಿಯದಾಗ ಒಮ್ಮೆ ಓದಿಕೊಳ್ಳಲಿ. ಮಾದರಿಯ ಅಂಕಿಗೂ ಮಾಪಕದ ಅಂಕಿಗೂ ದೊಡ್ಡ ಅಂತರ ಬಂದ ಕಡೆಯೇ ಸೋರಿಕೆಯೋ, ಅರ್ಧ ಮುಚ್ಚಿದ ವಾಲ್ವೋ, ಗೊತ್ತಿಲ್ಲದೆ ಸೇರಿಕೊಂಡ ಸಣ್ಣ ಪೈಪೋ ಇರುತ್ತದೆ.

ವರದಿ ಯಾವ ರೂಪದಲ್ಲಿ ಬೇಕು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ವಿಶ್ವವಿದ್ಯಾಲಯಕ್ಕೆ ಸಲ್ಲಿಸುವ ದಪ್ಪ ಪುಸ್ತಕ ಊರಿಗೆ ಉಪಯೋಗವಾಗುವುದಿಲ್ಲ. ಪೈಪಿನ ದಾರಿ, ವಾಲ್ವುಗಳು ಮತ್ತು ಎತ್ತರಗಳನ್ನು ತೋರಿಸುವ ನಕ್ಷೆ ಹಾಗೂ ಊರಿಗೆ ನೀರು ಬಿಡುವ ನೀರುಗಂಟಿಗೆ ಕನ್ನಡದಲ್ಲಿ ಬರೆದ ನಿರ್ವಹಣೆಯ ಹಾಳೆ ಖಂಡಿತ ಬೇಕು. ಜೊತೆಗೆ ಇಲಾಖೆಯ ದರಪಟ್ಟಿಯ ಪ್ರಕಾರ ತಯಾರಿಸಿದ ಅಂದಾಜು ಪಟ್ಟಿಯನ್ನೂ ಕೇಳಿ. ಇದರ ಮಹತ್ವವನ್ನು ಹಲವರು ಗಮನಿಸುವುದಿಲ್ಲ: ದರಪಟ್ಟಿಯ ಕಲಮುಗಳಿಗೆ ಹೊಂದಿಸಿ ಬರೆದ ಅಂದಾಜನ್ನು ಪಂಚಾಯತಿಯ ಇಂಜಿನಿಯರರು ಪರಿಶೀಲಿಸಿ ಮುಂದಕ್ಕೆ ಕಳಿಸಬಹುದು, ಹಾಗಿಲ್ಲದಿದ್ದರೆ ಅವರು ಮೊದಲಿನಿಂದ ಮಾಡಬೇಕಾಗುತ್ತದೆ ಮತ್ತು ಅಲ್ಲಿಗೇ ಕಡತ ನಿಲ್ಲುತ್ತದೆ. ಬೆಂಗಳೂರಿನ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಧನಸಹಾಯ ನೀಡುತ್ತದೆ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕಾದ್ದರಿಂದ ಮಾರ್ಗದರ್ಶಕರಿಗೆ ನೆನಪಿಸಿ. ಮಾಪಕ, ತಗಡು, ನೀರಿನ ಪರೀಕ್ಷೆಯ ಖರ್ಚಿಗೆ ಅದು ಒದಗುತ್ತದೆ.

ನಿಮ್ಮ ಪೈಪು ಕಾನಿನೊಳಗೆ ಹಾದುಬರುತ್ತದೆ ಎಂದಿದ್ದೀರಿ. ಹೊಸ ಕೆಲಸಕ್ಕೆ ಅರಣ್ಯ ಇಲಾಖೆಯ ಪ್ರಶ್ನೆ ಬಂದೇ ಬರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಪ್ರಕರಣವು ಕುಡಿಯುವ ನೀರಿನ ಪೂರೈಕೆ ಮತ್ತು ನೀರಿನ ಕೊಳವೆ ಮಾರ್ಗಗಳೂ ಸೇರಿದಂತೆ ಸರ್ಕಾರ ನಿರ್ವಹಿಸುವ ಕೆಲವು ಸೌಲಭ್ಯಗಳಿಗೆ ತಲಾ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು ಬಳಸಲು ಅವಕಾಶ ಕೊಡುತ್ತದೆ. ಕಡಿಯುವ ಮರಗಳು ಹೆಕ್ಟೇರಿಗೆ 75ನ್ನು ಮೀರಬಾರದು, ಗ್ರಾಮ ಸಭೆಯ ಶಿಫಾರಸು ಇರಬೇಕು. ಆದ್ದರಿಂದ ಗ್ರಾಮ ಸಭೆಯ ಠರಾವನ್ನು ಈಗಲೇ ಮಾಡಿಸಿಡುವುದು ಒಳ್ಳೆಯದು.

ಸುರಕ್ಷತೆಯ ವಿಷಯದಲ್ಲಿ ಎರಡನ್ನು ಬಿಡುವಂತಿಲ್ಲ. ಬೇಸಿಗೆಯಲ್ಲಿ ಕಾನಿನೊಳಗೆ ಪೈಪಿನ ದಾರಿ ನಡೆಯುವವರಿಗೆ ಉಣುಗುಗಳಿಂದ ಹರಡುವ ಮಂಗನ ಕಾಯಿಲೆಯ ಎಚ್ಚರ ಬೇಕು. 2024ರ ಆರಂಭದಲ್ಲಿ ನಿಮ್ಮ ಪಕ್ಕದ ಸಿದ್ದಾಪುರ ತಾಲೂಕಿನಲ್ಲೇ ಪ್ರಕರಣಗಳು ಕಂಡಿದ್ದವು. ವಿದ್ಯಾರ್ಥಿಗಳನ್ನು ಕರೆದೊಯ್ಯುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೇಪಾ ತೈಲ ಪಡೆದುಕೊಳ್ಳಿ, ಮೈ ಪೂರ್ತಿ ಮುಚ್ಚುವ ಬಟ್ಟೆ ಹಾಕಿಸಿ. ಇನ್ನೊಂದು, ಕಡಿದಾದ ಬದಿಯಲ್ಲಿ ಪೈಪಿಗಾಗಿ ಉದ್ದನೆಯ ಅಗಳು ತೋಡಿ ಸಡಿಲ ಮಣ್ಣು ಮುಚ್ಚುವುದು. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆ, 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರು ಕುಸಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಕುಸಿತಗಳಿಗೆ ಕಾರಣಗಳು ದೊಡ್ಡವು. ಆದರೂ ಇಳಿಜಾರಿನ ಮಣ್ಣಿನಲ್ಲಿ ಮಳೆನೀರಿಗೆ ನಾವಾಗಿ ಹೊಸ ದಾರಿ ಮಾಡಿಕೊಡಬಾರದು. ಅಂಥ ಜಾಗದಲ್ಲಿ ಪೈಪನ್ನು ಕಂಬ ಅಥವಾ ಕಲ್ಲಿನ ಆಧಾರದ ಮೇಲೆ ಒಯ್ಯುವುದೇ ಲೇಸು.

ಗಜನಿ ದಂಡೆ (ಕುಮಟಾ ತಾಲೂಕು)

ಎಲ್ಲರೂ ನೀರಿನ ಪ್ರಮಾಣದ ಬಗ್ಗೆ ಬರೆದಿದ್ದಾರೆ. ಗುಣಮಟ್ಟದ ಬಗ್ಗೆ ನಾನು ಬರೆಯುತ್ತೇನೆ. ನಮ್ಮ ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಕಿಟ್ ಪರೀಕ್ಷೆ ಮಾಡುವ ಮಹಿಳೆಯರಲ್ಲಿ ನಾನೂ ಒಬ್ಬಳು.

ಕಾನಿನ ಒರತೆಯ ನೀರು ಶುದ್ಧವೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹೊರಗೆ ಬರುವ ಬಿಂದುವಿನಲ್ಲಿ ಅದು ಬಹುಮಟ್ಟಿಗೆ ನಿಜವೂ ಇರಬಹುದು. ಆದರೆ ಮುಚ್ಚಳವಿಲ್ಲದ ಒರತೆ, ಮೇಲ್ಗಡೆ ಮೇಯುವ ದನ, ಕೊಳೆತ ಎಲೆ, ಬಿರುಕು ಬಿಟ್ಟ ಟ್ಯಾಂಕು ಇವುಗಳ ನಂತರ ನಲ್ಲಿಯಲ್ಲಿ ಏನು ಬರುತ್ತದೆ ಎಂಬುದೇ ಮುಖ್ಯ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಮಲದ ಸೋಂಕನ್ನು ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾ ಒಂದೂ ಇರಬಾರದು. ವಿದ್ಯಾರ್ಥಿಗಳು ನೀರಿನ ಮಾದರಿಯನ್ನು ಒರತೆ, ಟ್ಯಾಂಕು ಮತ್ತು ಕೊನೆಯ ಮನೆಯ ನಲ್ಲಿ ಈ ಮೂರೂ ಕಡೆ ತೆಗೆಯಲಿ. ಮೇ ತಿಂಗಳಲ್ಲೊಮ್ಮೆ, ಜೂನ್‌ನ ಮೊದಲ ದೊಡ್ಡ ಮಳೆಯ ಮರುದಿನವೊಮ್ಮೆ. ಎಲ್ಲಿ ಕೆಟ್ಟಿದೆ ಎಂಬುದು ಆಗ ತಾನಾಗಿ ಕಾಣುತ್ತದೆ. ಜಂಬಿಟ್ಟಿಗೆ ನೆಲದ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯವಾಗಿರುವುದರಿಂದ ಪಿಎಚ್ ಕೂಡ ನೋಡಲಿ. ಮಾನದಂಡದ ಮಿತಿ 6.5ರಿಂದ 8.5. ಅದಕ್ಕಿಂತ ಕೆಳಗಿದ್ದರೆ ಕಬ್ಬಿಣದ ಬೆಂಡು, ವಾಲ್ವುಗಳು ಬೇಗ ತಿಂದುಹೋಗುತ್ತವೆ.

ಬ್ಲೀಚಿಂಗ್ ಪುಡಿಯ ವಿಷಯದಲ್ಲಿ ನಿಮ್ಮಂಥ ಯೋಜನೆಗೆ ಒಂದು ವಿಶೇಷ ತೊಡಕಿದೆ. ಪಂಪಿನಿಂದ ತುಂಬಿಸುವ ಟ್ಯಾಂಕಿನಲ್ಲಿ ತುಂಬಿದ ಮೇಲೆ ಪುಡಿ ಕಲಸಿ ಅರ್ಧ ಗಂಟೆ ಬಿಟ್ಟು ನೀರು ಬಿಡಬಹುದು. ನಿಮ್ಮಲ್ಲಿ ನೀರು ಸದಾ ಬರುತ್ತಲೇ ಇರುತ್ತದೆ. ಸಂಜೆ ಹಾಕಿದ ಔಷಧಿ ರಾತ್ರಿ ಹೊರಚೆಲ್ಲುವ ನೀರಿನೊಂದಿಗೇ ಹೋಗಿಬಿಡುತ್ತದೆ, ಬೆಳಿಗ್ಗೆ ಜನ ಹಿಡಿಯುವ ನೀರಿನಲ್ಲಿ ಏನೂ ಉಳಿದಿರುವುದಿಲ್ಲ. ಒಳಬರುವ ಧಾರೆಗೆ ತೊಟ್ಟು ತೊಟ್ಟಾಗಿ ಬೀಳುವ ಡ್ರಿಪ್ ಕ್ಲೋರಿನೇಟರ್ ಬೇಕು. ಲೀಟರಿಗೆ 2 ಮಿಲಿಗ್ರಾಂ ಎಂದರೆ 15,000 ಲೀಟರಿಗೆ 30 ಗ್ರಾಂ ಕ್ಲೋರಿನ್, ಶೇ. 25ರ ಬಲವಿರುವ ಪುಡಿಯಾದರೆ ದಿನಕ್ಕೆ 120 ಗ್ರಾಂ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಳಸಬೇಕು. ಸುಣ್ಣದ ಗಷ್ಟು ಹೋದರೆ ಸಣ್ಣ ನಲ್ಲಿ ಕಟ್ಟಿಕೊಳ್ಳುತ್ತದೆ. ಕೊನೆಯ ಮನೆಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿದರೆ ಸಾಕು, ಹೆಚ್ಚಾಗಿದ್ದರೆ ಕಡಿಮೆ ಮಾಡಿ. ವಾಸನೆಗೆ ಬೇಸತ್ತು ಜನ ನಲ್ಲಿ ನೀರನ್ನೇ ಬಿಡುವಂತಾಗಬಾರದು. ಕೆಂಪು ನೀರಿಗೆ ಎಷ್ಟು ಹಾಕಿದರೂ ಪ್ರಯೋಜನ ಕಡಿಮೆ. ಮೊದಲ ಮಳೆಗಳ ನೀರು ಟ್ಯಾಂಕಿಗೆ ಸೇರದಂತೆ ಬೇರೆಡೆ ತಿರುಗಿಸುವ ಒಂದು ವಾಲ್ವನ್ನು ಟ್ಯಾಂಕಿನ ಮುಂದೆ ಇಡಲೇಬೇಕು.

ವಿದ್ಯಾರ್ಥಿಗಳು ಮನೆಮನೆ ಸಮೀಕ್ಷೆಗೆ ಬಂದಾಗ ಜಗಲಿಯಲ್ಲಿ ಕೂತ ಗಂಡಸರನ್ನು ಕೇಳಿ ಹೋಗುವುದನ್ನು ನಾನು ಕಂಡಿದ್ದೇನೆ. ಬಚ್ಚಲಿನ ಹಂಡೆಗೆ ಎಷ್ಟು ಕೊಡ, ಕೊಟ್ಟಿಗೆಗೆ ಎಷ್ಟು, ಯಾವ ಹೊತ್ತಿಗೆ ನೀರು ನಿಲ್ಲುತ್ತದೆ ಎಂಬುದು ಒಳಗೆ ಕೆಲಸ ಮಾಡುವವರಿಗೆ ಗೊತ್ತು. ಅವರ ಮಾತಿಲ್ಲದೆ ಬಳಕೆಯ ಲೆಕ್ಕ ಸರಿಯಾಗುವುದಿಲ್ಲ.

ಕರಾವಳಿಯಲ್ಲಿ ಇದನ್ನು ಓದುವವರಿಗಾಗಿ ಒಂದು ಮಾತು. ಅಘನಾಶಿನಿ ನದಿಯ ಗಜನಿಯ (ಉಪ್ಪುನೀರು ಬರುವ ತಗ್ಗು ಗದ್ದೆ) ಬದಿಯಲ್ಲಿರುವ ನಮ್ಮ ಬಾವಿಗಳಲ್ಲಿ ಮಾರ್ಚ್ ಕಳೆದರೆ ನೀರು ಸಪ್ಪೆಯಿಂದ ಉಪ್ಪಿಗೆ ತಿರುಗುತ್ತದೆ. ಸಿಹಿನೀರು ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ನಿಂತಿದ್ದರೆ ಕೆಳಗೆ ಸುಮಾರು 40 ಅಡಿಯವರೆಗೆ ಉಪ್ಪುನೀರನ್ನು ತಡೆದಿಡುತ್ತದೆ ಎಂಬುದು ಭೂಜಲಶಾಸ್ತ್ರದ ನಿಯಮ. ದೊಡ್ಡ ಪಂಪಿಟ್ಟು ಒಂದೇ ಸಲಕ್ಕೆ ಮಟ್ಟ ಇಳಿಸಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಇಲ್ಲಿ ಬಾವಿಯನ್ನು ಆಳ ಮಾಡುವುದಕ್ಕಿಂತ ಸಣ್ಣ ಪಂಪಿನಿಂದ ಬಿಟ್ಟು ಬಿಟ್ಟು ಎತ್ತುವುದು, ನೀರಿನಲ್ಲಿ ಕರಗಿದ ಲವಣವನ್ನು ತೋರಿಸುವ ಟಿಡಿಎಸ್ ಮೀಟರಿನಲ್ಲಿ ವಾರವಾರ ನೋಡುತ್ತಿರುವುದು ಕ್ಷೇಮ.

ಕಾನಂಚು (ಶಿರಸಿ ತಾಲೂಕು), ಮಾರ್ಚ್

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಾಲ್ ವಾಲ್ವಿನ ವಿಚಾರವನ್ನು ಸಮಿತಿ ಕೈಬಿಟ್ಟಿದೆ. ಊರಿನ ಯುವಕರು ಗಾರೆ ಮೇಸ್ತ್ರಿಯೊಬ್ಬರ ಜೊತೆ ಲೆವೆಲ್ ಪೈಪು ಹಿಡಿದು ಒರತೆಯಿಂದ ಟ್ಯಾಂಕಿನವರೆಗೆ ಮಟ್ಟ ನೋಡಿದರು. ಒಟ್ಟು ಇಳಿತ 62 ಮೀಟರ್. ಆದರೆ ಪೈಪು ಒಂದೇ ಸಮನೆ ಇಳಿಯುವುದಿಲ್ಲ. ಒರತೆಯಿಂದ 700 ಮೀಟರ್ ದೂರದಲ್ಲಿ ಒಂದು ದಿಬ್ಬ ಹತ್ತುತ್ತದೆ, ಅದರ ನೆತ್ತಿ ಒರತೆಗಿಂತ 8 ಮೀಟರ್ ಮಾತ್ರ ಕೆಳಗಿದೆ. ಇನ್ನೊಂದು ಸಂಗತಿ ಎಲೆ ಸರಿಸಿ ನೋಡಿದಾಗ ಗೊತ್ತಾಯಿತು. ಒರತೆಗೂ ದಿಬ್ಬಕ್ಕೂ ನಡುವೆ, ಹಿಂದೆ ಬೆಂಕಿ ಬಿದ್ದು ಸುಟ್ಟ ಜಾಗದಲ್ಲಿ, 600 ಮೀಟರಿನಷ್ಟು ಉದ್ದಕ್ಕೆ 50 ಮಿಲಿಮೀಟರ್ ಪೈಪಿನ ಬದಲು 32 ಮಿಲಿಮೀಟರಿನದನ್ನು ಸೇರಿಸಲಾಗಿದೆ. ಟ್ಯಾಂಕಿಗೆ ಈಗ ನಿಮಿಷಕ್ಕೆ 14 ಲೀಟರ್ ಬೀಳುತ್ತಿದೆ. ಒರತೆಯಲ್ಲಿ ಅದರ ಎರಡರಷ್ಟಿದೆ. ಟ್ಯಾಂಕಿನ ಬದಿಯ ಆರು ಮನೆಗಳು ಟ್ಯಾಂಕಿನ ತಳಕ್ಕಿಂತ ಬರೀ 3 ಮೀಟರ್ ಕೆಳಗಿವೆ. ವಿದ್ಯಾರ್ಥಿಗಳು ಮುಂದಿನ ವಾರ ಬರುತ್ತಾರೆ. ಈ ಅಂಕಿಗಳಿಂದ ಏನನ್ನು ತಿಳಿಯಬಹುದು?

ಮಟ್ಟಗೋಲು (ಕಾರವಾರ)

ಬಹಳ ಒಳ್ಳೆಯ ಕೆಲಸ ಮಾಡಿದ್ದೀರಿ. ನಿಮ್ಮ ಊರಿನ ರೋಗ ಆ 600 ಮೀಟರಿನಲ್ಲಿ ಇದೆ.

ಒಟ್ಟು 62 ಮೀಟರ್ ಇಳಿತ ಧಾರಾಳವಾಗಿ ಕಾಣುತ್ತದೆ, ಆದರೆ ದಿಬ್ಬ ದಾಟುವವರೆಗೆ ನಿಮಗಿರುವ ಬಂಡವಾಳ 8 ಮೀಟರ್ ಮಾತ್ರ. ಪೈಪಿನೊಳಗಿನ ಘರ್ಷಣೆಯನ್ನು ಅಳೆಯುವ ಹೇಜನ್–ವಿಲಿಯಮ್ಸ್ ಸೂತ್ರದಲ್ಲಿ ನಯತೆಯ ಗುಣಾಂಕ 140 ಎಂದು ಹಿಡಿದು ಲೆಕ್ಕ ಹಾಕಿದೆ. 32 ಮಿಲಿಮೀಟರ್ ಪೈಪಿನ ಒಳವ್ಯಾಸ 28, 50ರದ್ದು 44 ಎಂದು ಇಟ್ಟುಕೊಂಡಿದ್ದೇನೆ. ನಿಮಿಷಕ್ಕೆ 30 ಲೀಟರ್ ಹರಿಯಬೇಕಾದರೆ ಆ ಸಣ್ಣ ತುಂಡಿನಲ್ಲೇ 19 ಮೀಟರ್ ಎತ್ತರ ಘರ್ಷಣೆಗೆ ಹೋಗುತ್ತದೆ, ನಿಮ್ಮಲ್ಲಿ ಅಷ್ಟಿಲ್ಲ. 8 ಮೀಟರಿಗೆ ದಾಟುವ ಹರಿವು ನಿಮಿಷಕ್ಕೆ 18ರಿಂದ 19 ಲೀಟರ್. ನಿಮಗೆ ಸಿಗುತ್ತಿರುವುದು 14. ಉಳಿದ ವ್ಯತ್ಯಾಸಕ್ಕೆ ದಿಬ್ಬದ ನೆತ್ತಿಯಲ್ಲಿ ಕಟ್ಟಿಕೊಂಡ ಗಾಳಿ, ಕೆಸರು, ಜೋಡಣೆಗಳ ಸೋರಿಕೆ ಕಾರಣವಿರಬಹುದು. ಆ 600 ಮೀಟರನ್ನು ಮತ್ತೆ 50 ಮಿಲಿಮೀಟರಿಗೆ ಬದಲಿಸಿದರೆ ಅದೇ 8 ಮೀಟರಿನಲ್ಲಿ ನಿಮಿಷಕ್ಕೆ 50 ಲೀಟರಿಗಿಂತ ಹೆಚ್ಚು ದಾಟುತ್ತದೆ. ವ್ಯಾಸ ಅರ್ಧವಾದರೆ ಘರ್ಷಣೆ ಸುಮಾರು 29 ಪಟ್ಟು ಆಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಸೂತ್ರದಲ್ಲಿ ಓದಿರುತ್ತಾರೆ. ನಿಮ್ಮ ಕಾನಿನಲ್ಲಿ ಅದನ್ನು ಕಣ್ಣಾರೆ ನೋಡಲಿ. ಪೈಪು ಬದಲಿಸುವಾಗ ನೆತ್ತಿಯಲ್ಲಿ ಗಾಳಿ ಬಿಡುವ ಏರ್ ವಾಲ್ವ್, ಅತಿ ತಗ್ಗಿನಲ್ಲಿ ಕೆಸರು ತೆಗೆಯುವ ವಾಲ್ವ್ ಹಾಕಿಸಿ. ಮಣ್ಣಿನೊಳಗೆ ಒಂದೂವರೆ ಅಡಿ ಹೋದರೆ ಬೆಂಕಿಯ ಭಯವೂ ತಪ್ಪುತ್ತದೆ; ಕಡಿದಾದಲ್ಲಿ ಮಾತ್ರ ಸಿವಿಲ್ ಪಾಠ ಅವರು ಹೇಳಿದಂತೆ ಮಾಡಿ.

ಇಷ್ಟಾದ ಮೇಲೂ ಮೇ ತಿಂಗಳಲ್ಲಿ ಒರತೆ ಕೊಟ್ಟಷ್ಟೇ ಬರುತ್ತದೆ. ಆಗ ಹತ್ತೂವರೆ ಲೀಟರಿಗಿಂತ ಮೇಲಿದ್ದರೆ 5,000 ಲೀಟರಿನ ಟ್ಯಾಂಕಿನ ಪಕ್ಕದಲ್ಲಿ ಅಷ್ಟೇ ದೊಡ್ಡದೊಂದನ್ನು ಅದೇ ಮಟ್ಟಕ್ಕೆ ಕಟ್ಟಿ ಜೋಡಿಸಿದರೆ ಬೆಳಗಿನ ಕೊರತೆ ತೀರುತ್ತದೆ. ಕೆಳಗಿದ್ದರೆ ಎಷ್ಟು ಕೆಳಗೆ, ಎಷ್ಟು ವಾರ ಎಂಬುದನ್ನು ನೋಡಿ ಹತ್ತಿರದ ಬಾವಿಯೊಂದನ್ನು ಆ ವಾರಗಳಿಗೆ ಮಾತ್ರ ಸೇರಿಸಿಕೊಳ್ಳುವ ಬಗ್ಗೆ ವಿದ್ಯಾರ್ಥಿಗಳು ಲೆಕ್ಕ ಮಾಡಲಿ.

ಆರು ಮನೆಗಳ ಪ್ರಶ್ನೆಗೆ ಒತ್ತಡವೇ ಉತ್ತರ. ಒಂದಂತಸ್ತಿನ ಮನೆಯ ನಲ್ಲಿಗೆ 7 ಮೀಟರ್ ಎತ್ತರದ ನೀರಿನಷ್ಟು ಒತ್ತಡ ಉಳಿಯಬೇಕೆಂಬುದು ಕೇಂದ್ರ ಸರ್ಕಾರದ 1999ರ ನೀರು ಸರಬರಾಜು ಕೈಪಿಡಿಯ ನಿಯಮವಾಗಿತ್ತು. 3 ಮೀಟರಿನಲ್ಲಿ, ಅದೂ ಕೆಳಗಿನ ಮನೆಗಳು ಎಳೆಯುತ್ತಿರುವಾಗ, ಅಲ್ಲಿಗೆ ನೀರು ಬರುವುದಿಲ್ಲ. ಆ ಮನೆಗಳಿಗಿಂತ ಹತ್ತು ಮೀಟರ್ ಮೇಲೆ, ಪೈಪಿನ ದಾರಿಯಲ್ಲೇ, 2,000 ಲೀಟರಿನ ಸಣ್ಣ ಟ್ಯಾಂಕೊಂದನ್ನು ಇಡಿ. ಒರತೆಯ ನೀರೆಲ್ಲ ಮೊದಲು ಅದಕ್ಕೆ ಬೀಳಲಿ. ಆರು ಮನೆಗಳಿಗೆ ಅದರಿಂದಲೇ ಪ್ರತ್ಯೇಕ ಅರ್ಧ ಇಂಚಿನ ಪೈಪು ಹೋಗಲಿ, ತುಂಬಿ ಉಕ್ಕಿದ ನೀರು ಕೆಳಗಿನ ದೊಡ್ಡ ಟ್ಯಾಂಕಿಗೆ ಇಳಿಯಲಿ. ಹೊರಹೋಗುವ ಪೈಪು ಸಣ್ಣದಿರುವುದರಿಂದ ಮೇಲಿನವರು ಅತಿಯಾಗಿ ಎಳೆಯಲಾರರು. ಆದರೂ ಆ ಪೈಪಿಗೆ ನೀರು ಅಳೆಯುವ ಒಂದು ಮೀಟರ್ ಇಡುವುದು ನ್ಯಾಯ, ಕೆಳಗಿನವರ ಮನಸ್ಸಿಗೂ ಸಮಾಧಾನ. ಕ್ಲೋರಿನ್ನಿನ ಡ್ರಿಪ್ ಕೂಡ ಈ ಟ್ಯಾಂಕಿನ ಮೇಲೆಯೇ ಇರಲಿ. ಇಲ್ಲಿ ನೀರು ಬಯಲಿಗೆ ತೆರೆದುಕೊಳ್ಳುವುದರಿಂದ ಮುಂದಿನ ಪೈಪಿನ ಮೇಲೆ 62 ಮೀಟರಿನ ಭಾರ ಎಂದೂ ಬೀಳುವುದಿಲ್ಲ, ಮತ್ತು ಕೆಳಗಿನ ಟ್ಯಾಂಕಿಗೆ ನೀವು ಕೇಳಿದ ಬಾಲ್ ವಾಲ್ವನ್ನು ಆಗ ಧೈರ್ಯವಾಗಿ ಕೂರಿಸಬಹುದು. ಅದು ಮುಚ್ಚಿದಾಗ ಸಣ್ಣ ಟ್ಯಾಂಕಿನಿಂದ ಹೊರಚೆಲ್ಲುವ ನೀರಿಗೆ ತೋಟದ ಕಡೆಗೆ ಒಂದು ದಾರಿ ಇಟ್ಟಿರಬೇಕು.